ಉದ್ದದ ಕಾರ್ಡು, ಗಿಡ್ಡ ಸ್ಲಾಟು

ತೀರ್ಥಹಳ್ಳಿಯಲ್ಲಿ ನನ್ನ ಅಕ್ಕ-ಭಾವ ನಡೆಸುವ ಡಿಟಿಪಿ ಅಂಗಡಿಯ ದೊಡ್ಡ ಸಿಸ್ಟಂ 2012ರದ್ದು. ಇಂಟೆಲ್‌ನ ಎಚ್61 ಚಿಪ್‌ಸೆಟ್ ಇರುವ ಮದರ್‌ಬೋರ್ಡು, ಎರಡನೇ ತಲೆಮಾರಿನ ಕೋರ್ ಐ3 ಪ್ರೊಸೆಸರ್, 500 ಜಿಬಿಯ ಹಾರ್ಡ್‌ಡಿಸ್ಕು. ಮದುವೆ, ಉಪನಯನ, ಗೃಹಪ್ರವೇಶದ ಕರೆಯೋಲೆ, ಸೊಸೈಟಿಯ ರಸೀದಿ ಪುಸ್ತಕ, ವೈಕುಂಠ ಸಮಾರಾಧನೆಯ ಕಾರ್ಡು, ಎಳ್ಳಮಾವಾಸ್ಯೆ ಜಾತ್ರೆ ಹತ್ತಿರ ಬಂತೆಂದರೆ ಕರಪತ್ರ, ಹೀಗೆ ಊರಿನ ಒಳ್ಳೆಯದು ಕೆಟ್ಟದ್ದೆಲ್ಲ ಅದರೊಳಗೆ ಪೇಜ್‌ಮೇಕರ್ ಎಂಬ ಪುಟ ಕೂರಿಸುವ ತಂತ್ರಾಂಶದ ಫೈಲಾಗಿ ಕೂತಿದೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ, ಏಳನೆಯದು, ಬಂದದ್ದು 2001ರಲ್ಲಿ. ಆ ವರ್ಷ ಹುಟ್ಟಿದವರ ಮದುವೆ ಕರೆಯೋಲೆಯನ್ನೂ ಅಕ್ಕ ಈಗ ಅದರಲ್ಲೇ ಕೂರಿಸುತ್ತಿದ್ದಾಳೆ.

ಹೊಸ ಸಿಸ್ಟಂ ತಗೊಳ್ಳಿ ಎಂದು ಹೇಳುವುದು ಸುಲಭ. ಹಾಗೆ ಹೇಳುವವರು ಯಾರೂ ಡಿಟಿಪಿ ಅಂಗಡಿಯಲ್ಲಿ ಕೂತವರಲ್ಲ. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿರುವ ಫೈಲನ್ನು ಈಗಿನ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ತಿರುಗಿಸಿದರೆ ಅಕ್ಷರವೇನೋ ಬರುತ್ತದೆ, ಪುಟದ ಕಟ್ಟು ಬರುವುದಿಲ್ಲ. ಸಾಲು ಒಡೆಯುವ ಜಾಗ ಬದಲಾಗುತ್ತದೆ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ವರನ ಹೆಸರು ಒಂದು ಸಾಲಿನಲ್ಲಿ, ಇನಿಶಿಯಲ್ಲು ಇನ್ನೊಂದು ಸಾಲಿನಲ್ಲಿ ಹೋಗಿ ಕೂರುತ್ತದೆ. ಎಲ್ಲವನ್ನೂ ಮತ್ತೆ ಕೂರಿಸಬೇಕು. ಅದನ್ನು ಮಾಡುವ ದಿನ ಬರಬಹುದು, ಆದರೆ ಮದುವೆ ಸೀಸನ್ನಿನಲ್ಲಿ ಅಲ್ಲ. ನಿಜ ಹೇಳಬೇಕೆಂದರೆ ಆ ಕೆಲಸಕ್ಕೆ ಐ3 ಪ್ರೊಸೆಸರ್ ಬೇಕಾದಷ್ಟಾಯಿತು. ಕುತ್ತು ಇದ್ದದ್ದು ಡಿಸ್ಕಿನಲ್ಲಿ. ಬೆಳಿಗ್ಗೆ ಸ್ವಿಚ್ ಒತ್ತಿ, ದೇವರ ಫೋಟೋಕ್ಕೆ ಊದುಬತ್ತಿ ಹಚ್ಚಿ, ಅಂಗಡಿ ಮುಂದೆ ಗುಡಿಸಿ ನೀರು ಹಾಕಿ ಒಳಗೆ ಬಂದರೂ ಕ್ಯಾಬಿನೆಟ್ಟಿನ ಕೆಂಪು ದೀಪ ಮಿಣುಕುತ್ತಲೇ ಇರುತ್ತಿತ್ತು. "ಅದಕ್ಕೆ ಇನ್ನೂ ನಿದ್ದೆ ಬಿಟ್ಟಿಲ್ಲ, ಕೂತ್ಕೊಳಿ" ಎಂದು ಅಕ್ಕ ಗಿರಾಕಿಗಳಿಗೆ ಸ್ಟೂಲು ತೋರಿಸುತ್ತಿದ್ದಳು.

ಅಳಿಯ ಇಂಜಿನಿಯರಿಂಗ್ ಓದುತ್ತಿದ್ದಾನೆ. ತನ್ನ ಲ್ಯಾಪ್‌ಟಾಪಿಗೆ 1 ಟಿಬಿಯ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್ಪಿನಲ್ಲೇ ಎಲ್ಲ ಇಟ್ಟುಕೊಳ್ಳುವ ಡ್ರೈವ್, ಹಾಕಿಸಿಕೊಂಡ. ಮೊದಲಿದ್ದ 256 ಜಿಬಿಯದು ಒಂದು ಬೆಳ್ಳಿ ಬಣ್ಣದ ಕವರಿನಲ್ಲಿ ಉಳಿದಿತ್ತು. "ಮಾವ, ಇದನ್ನ ಅಮ್ಮನ ಸಿಸ್ಟಂಗೆ ಹಾಕ್ಲಿಕ್ಕೆ ಆಗೂದಿಲ್ವಾ?" ಎಂದು ತಂದು ಕೊಟ್ಟ. ಬಬಲ್‌ಗಮ್ ಪಟ್ಟಿಯಷ್ಟು ಚಿಕ್ಕದು. ಅಗಲ 22 ಮಿಲಿಮೀಟರ್, ಉದ್ದ 80, ಅದಕ್ಕೇ ಅದನ್ನು 2280 ಎಂದು ಕರೆಯುತ್ತಾರೆ. ಒಂದು ತುದಿಯಲ್ಲಿ ಬಂಗಾರದ ಬಣ್ಣದ ಹಲ್ಲುಗಳು, ನಡುವೆ ಒಂದು ಕಚ್ಚು. ಎಂ.2 ಎನ್ನುವ ಆಕಾರದ್ದು, ಎನ್‌ವಿಎಂಇ ಎನ್ನುವ ನಿಯಮಾವಳಿಯಂತೆ ಕೆಲಸ ಮಾಡುವ ಡ್ರೈವ್. 2012ರ ಮದರ್‌ಬೋರ್ಡಿನಲ್ಲಿ ಇದನ್ನು ಸಿಕ್ಕಿಸುವ ಕಿಂಡಿ ಎಲ್ಲೂ ಇಲ್ಲ. ಎನ್‌ವಿಎಂಇಯ ಮೊದಲ ನಿಯಮಾವಳಿ ಹೊರಬಂದದ್ದೇ 2011ರ ಮಾರ್ಚಿನಲ್ಲಿ. ಅದು ನಮ್ಮಂಥವರ ಮೇಜಿನವರೆಗೆ ಬರುವಷ್ಟರಲ್ಲಿ ಈ ಬೋರ್ಡು ಅರ್ಧ ಆಯಸ್ಸು ಕಳೆದಿತ್ತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೈಯಲ್ಲಿ ಏನೂ ಇಲ್ಲದೆ ಹೊಸದಾಗಿ ಕೊಳ್ಳುವವರಾದರೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿನ ಕೇಬಲ್ಲಿಗೇ ಸಿಕ್ಕಿಸುವಂಥದ್ದು) ತಂದು ಹಳೆಯ ಡಿಸ್ಕಿನ ಜಾಗದಲ್ಲಿ ಹಾಕಿ, ಮುಗಿಯಿತು. ಎಚ್61ರಲ್ಲಿ ಇರುವುದು ಸಾಟಾದ ಎರಡನೇ ತಲೆಮಾರು, ಸೆಕೆಂಡಿಗೆ 3 ಗಿಗಾಬಿಟ್‌ನದು. ಅದರಲ್ಲಿ ಕೈಗೆ ಸಿಗುವುದು ಸುಮಾರು 270 ಎಂಬಿ. ಹಾಗಿದ್ದರೂ ಹಳೆಯ ಡಿಸ್ಕಿನ ಮುಂದೆ ಅದು ಸ್ವರ್ಗ. ನಾವು ಬೇರೆ ದಾರಿ ಹಿಡಿದದ್ದು ಡ್ರೈವ್ ಪುಕ್ಕಟೆ ಬಂದಿತ್ತು ಎನ್ನುವ ಒಂದೇ ಕಾರಣಕ್ಕೆ. ಇನ್ನೊಂದು ಕಾರಣವೂ ಇರಬಹುದು, ನನಗೆ ಇಂಥದ್ದರಲ್ಲಿ ಸ್ವಲ್ಪ ಚಟ.

ಎನ್‌ವಿಎಂಇ ಡ್ರೈವ್ ನೋಡಲಿಕ್ಕೆ ಹೊಸ ಜೀವಿಯ ಹಾಗೆ ಕಂಡರೂ ಆಡುವುದು ಹಳೆಯ ಭಾಷೆಯನ್ನೇ. ಅದು ಪಿಸಿಐ ಎಕ್ಸ್‌ಪ್ರೆಸ್. ಗ್ರಾಫಿಕ್ಸ್ ಕಾರ್ಡು, ಸೌಂಡ್ ಕಾರ್ಡು, ನೆಟ್‌ವರ್ಕ್ ಕಾರ್ಡು ಚುಚ್ಚಲು ಬೋರ್ಡಿನ ಮೇಲೆ ಉದ್ದ, ಗಿಡ್ಡ ಸ್ಲಾಟುಗಳಿರುತ್ತವಲ್ಲ, ಅವುಗಳ ಭಾಷೆಯೇ ಇದರದ್ದೂ. ಬೇರೆಯಾಗಿರುವುದು ಹಲ್ಲಿನ ಜೋಡಣೆ ಮಾತ್ರ. ಆದ್ದರಿಂದ ಇವೆರಡರ ನಡುವೆ ಹಾಕುವ ಅಡಾಪ್ಟರ್ ಇದೆಯಲ್ಲ, ಅದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರೆ ಒಂದು ಹಸಿರು ಹಲಗೆ, ಮೇಲೆ ಎಂ.2 ಸಾಕೆಟ್, ಕೆಳಗೆ ಸ್ಲಾಟಿಗೆ ಹೋಗುವ ಹಲ್ಲು, ಒಂದಷ್ಟು ಸಣ್ಣ ಕೆಪಾಸಿಟರ್, ಒಂದು ಎಲ್‌ಇಡಿ. ಭಾಷಾಂತರ ಮಾಡುವ ಚಿಪ್ಪು ಇಲ್ಲ, ಬೇಕಾಗಿಯೂ ಇಲ್ಲ. ಈ ತುದಿಯ ತಂತಿಯನ್ನು ಆ ತುದಿಗೆ ಮುಟ್ಟಿಸುವುದಷ್ಟೇ ಅದರ ಕೆಲಸ. ಭಾವನಿಗೆ ಇದನ್ನು ವಿವರಿಸಿದಾಗ, "ಒಳಗೆ ಎಂತದೂ ಇಲ್ಲ ಅಂದ್ರೆ ಅದಕ್ಕೆ ದುಡ್ಡು ಯಾಕೆ ಮಾರಾಯ?" ಎಂದರು. ನ್ಯಾಯವಾದ ಪ್ರಶ್ನೆ.

ಇದಕ್ಕೆ ಉಲ್ಟಾ ಆದದ್ದನ್ನು ನಾನು ಸಾಗರದಲ್ಲಿ ನೋಡಿದ್ದೇನೆ. ಪರಿಚಯದ ಸ್ಟುಡಿಯೋದವರೊಬ್ಬರು ಎಂ.2 ಡ್ರೈವೂ ಅಡಾಪ್ಟರೂ ಎರಡನ್ನೂ ತರಿಸಿದ್ದರು. ಡ್ರೈವ್ ಸಾಕೆಟ್ಟಿನೊಳಗೆ ಬೆಣ್ಣೆಯ ಹಾಗೆ ಇಳಿಯಿತು, ಸ್ಕ್ರೂ ಕೂತಿತು, ಅಡಾಪ್ಟರಿನ ದೀಪವೂ ಹತ್ತಿತು. ಕಂಪ್ಯೂಟರಿಗೆ ಮಾತ್ರ ಅಲ್ಲೊಂದು ಡ್ರೈವ್ ಇರುವುದೇ ಗೊತ್ತಿಲ್ಲ. ಡ್ರೈವನ್ನು ಹೊರಗೆ ತೆಗೆದು ನೋಡಿದರೆ ಹಲ್ಲಿನ ಸಾಲಿನಲ್ಲಿ ಒಂದರ ಬದಲು ಎರಡು ಕಚ್ಚು, ಆ ಕಡೆಗೊಂದು ಈ ಕಡೆಗೊಂದು. ಎಂ.2 ಆಕಾರದಲ್ಲೇ ಸಾಟಾ ಭಾಷೆಯ ಡ್ರೈವುಗಳೂ ಬರುತ್ತವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಬಿ ಮತ್ತು ಎಂ ಎಂದು ಕರೆಯುವ ಎರಡೂ ಕಚ್ಚು ಇರುವುದರಿಂದ ಎರಡೂ ಬಗೆಯ ಸಾಕೆಟ್ಟಿಗೆ ಹೋಗುತ್ತವೆ. ಆದರೆ ಪಿಸಿಐ ಎಕ್ಸ್‌ಪ್ರೆಸ್ ತಂತಿಯ ಮೇಲೆ ಅವು ಆಡುವ ಮಾತು ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಎರಡು ಕಚ್ಚು ಕಂಡ ಕೂಡಲೇ ಸಾಟಾ ಎಂದು ತೀರ್ಮಾನಿಸುವುದಕ್ಕೂ ಬರುವುದಿಲ್ಲ, ಎರಡು ಲೇನಿನ (ಲೇನ್ ಎಂದರೆ ಡೇಟಾ ಓಡಾಡುವ ತಂತಿಗಳ ಒಂದು ಪಥ) ಕೆಲವು ಎನ್‌ವಿಎಂಇ ಡ್ರೈವುಗಳಿಗೂ ಅದೇ ರೂಪ ಇದೆ. ಲೇಬಲ್ಲನ್ನು ಓದಬೇಕು, ಬೇರೆ ದಾರಿಯಿಲ್ಲ. ಕೆಲವು ಅಡಾಪ್ಟರ್‌ಗಳಲ್ಲಿ ಸಾಟಾ ಡ್ರೈವಿಗೆಂದೇ ಎರಡನೆಯ ಸಾಕೆಟ್ ಇರುತ್ತದೆ. ಅದು ಸ್ಲಾಟಿನಿಂದ ಕರೆಂಟ್ ಮಾತ್ರ ತಗೊಂಡು, ಡೇಟಾಕ್ಕೆ ಬೇರೆ ಸಾಟಾ ಕೇಬಲ್ ಕೇಳುತ್ತದೆ. ಸ್ಟುಡಿಯೋದವರ ಅಡಾಪ್ಟರ್ ಅಂಥದ್ದಲ್ಲ. ಆಕಾರ ಹೊಂದಿದ್ದೇ ಅವರಿಗೆ ಮುಳುವಾಯಿತು. ಒಳಗೆ ಹೋಗದೇ ಇದ್ದಿದ್ದರೆ ಅಲ್ಲೇ ವಿಷಯ ಗೊತ್ತಾಗುತ್ತಿತ್ತು.

ನಮ್ಮ ಅಳಿಯನ ಡ್ರೈವಿನಲ್ಲಿ ಒಂದೇ ಕಚ್ಚು, ಲೇಬಲ್ಲಿನ ಮೇಲೆ ಎನ್‌ವಿಎಂಇ ಎಂದು ಸ್ಪಷ್ಟವಾಗಿ ಬರೆದಿದೆ. ಹಾಗಾಗಿ ಭಾಷೆ ಸರಿಯಾಯಿತು. ಇನ್ನು ಜಾಗ.

ಈ ಡ್ರೈವಿಗೆ ಬೇಕಾದದ್ದು ನಾಲ್ಕು ಲೇನ್. ನಾಲ್ಕು ಲೇನಿನ ಅಡಾಪ್ಟರ್ ಕಾರ್ಡಿನ ಹಲ್ಲು ಸುಮಾರು 39 ಮಿಲಿಮೀಟರ್ ಉದ್ದ. ಅಂಗಡಿಯ ಬೋರ್ಡಿನಲ್ಲಿ ಎರಡೇ ಬಗೆಯ ಸ್ಲಾಟು. ಒಂದು 16 ಲೇನಿನದು, 89 ಮಿಲಿಮೀಟರ್ ಉದ್ದದ್ದು. ಇನ್ನೊಂದು ಒಂದೇ ಲೇನಿನದು, ಬರೀ 25 ಮಿಲಿಮೀಟರ್. ಉದ್ದದ ಸ್ಲಾಟಿನಲ್ಲಿ ಗಿಡ್ಡ ಕಾರ್ಡು ಧಾರಾಳವಾಗಿ ಕೂರುತ್ತದೆ. ಎಲ್ಲ ಅಳತೆಯ ಸ್ಲಾಟಿನಲ್ಲೂ ಮೊದಲ ಕಚ್ಚಿನವರೆಗಿನ ಭಾಗ, ಅಂದರೆ ಒಂದೊಂದು ಬದಿಗೆ 11 ಹಲ್ಲು, ಒಂದೇ ಆಗಿರುತ್ತದೆ. 12 ವೋಲ್ಟ್, 3.3 ವೋಲ್ಟ್ ಕರೆಂಟೆಲ್ಲ ಬರುವುದು ಅಲ್ಲಿಂದಲೇ. ಕಚ್ಚು ದಾಟಿದ ಮೇಲೆ ಲೇನುಗಳು ಶುರು, ಎಷ್ಟು ಲೇನೋ ಅಷ್ಟು ಉದ್ದ. ಆದ್ದರಿಂದ ಸಾಮಾನ್ಯರಿಗೆ ಉಪದೇಶ ಇಷ್ಟೆ: ಆನ್‌ಬೋರ್ಡ್ ಗ್ರಾಫಿಕ್ಸ್ ಸಾಕು ಎನ್ನುವವರ 16 ಲೇನಿನ ಸ್ಲಾಟ್ ಖಾಲಿಯೇ ಇರುತ್ತದೆ, ಅಲ್ಲಿ ಹಾಕಿ. ಈ ಬೋರ್ಡಿನ ಕಾಲದ ಪ್ರೊಸೆಸರಿನ, ಪಿಸಿಐ ಎಕ್ಸ್‌ಪ್ರೆಸ್ ಎರಡನೇ ತಲೆಮಾರಿನ ಲೇನುಗಳಲ್ಲಿ ಕೂಡ, ನಾಲ್ಕು ಸೇರಿದರೆ ಲೆಕ್ಕಕ್ಕೆ ಸೆಕೆಂಡಿಗೆ 2000 ಎಂಬಿ ಆಗುತ್ತದೆ.

ನಮ್ಮಲ್ಲಿ ಆ ಸ್ಲಾಟ್ ಖಾಲಿ ಇರಲಿಲ್ಲ. ಒಂದು ಏಪ್ರಿಲ್‌ನ ಸಂಜೆ, ಮಳೆ ಬರುವ ಮೊದಲೇ ಬಂದ ಸಿಡಿಲಿಗೆ ಬೋರ್ಡಿನ ಸ್ವಂತ ವಿಜಿಎ ಔಟ್‌ಪುಟ್ ಸತ್ತುಹೋಗಿತ್ತು. ಮಲೆನಾಡಿನಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಮೋಡೆಮ್ಮು, ಟಿವಿ, ಯುಪಿಎಸ್ಸು, ಬೋರ್‌ವೆಲ್ಲಿನ ಸ್ಟಾರ್ಟರು ಹೀಗೆ ಪ್ರತಿ ಮನೆಯಲ್ಲೂ ಸಿಡಿಲಿಗೆ ಹೋದವುಗಳ ಒಂದು ಪಟ್ಟಿಯೇ ಇರುತ್ತದೆ. ಅಂದಿನಿಂದ ಒಂದು ಹಳೆಯ ಗ್ರಾಫಿಕ್ಸ್ ಕಾರ್ಡು ಉದ್ದದ ಸ್ಲಾಟಿನಲ್ಲಿ ಕೂತು ಮಾನಿಟರ್ ನಡೆಸುತ್ತಿದೆ. ಅದನ್ನು ಎಬ್ಬಿಸಿದರೆ ಪರದೆಯೇ ಇಲ್ಲ. ಉಳಿದದ್ದು ಒಂದು ಲೇನಿನ ಗಿಡ್ಡ ಸ್ಲಾಟು.

ಗಿಡ್ಡ ಸ್ಲಾಟಿಗೆ ಉದ್ದದ ಕಾರ್ಡು ಹೋಗಲಿಕ್ಕೆ ಅಡ್ಡ ಇರುವುದು ಸ್ಲಾಟಿನ ಕೊನೆಯ ಪ್ಲಾಸ್ಟಿಕ್ ಗೋಡೆ ಮಾತ್ರ. ಕೆಲವು ಬೋರ್ಡುಗಳಲ್ಲಿ ಆ ಗೋಡೆಯೇ ಇರುವುದಿಲ್ಲ, ಕೊನೆ ತೆರೆದಿರುತ್ತದೆ, ಎಷ್ಟುದ್ದದ ಕಾರ್ಡಾದರೂ ಹಿಂದಕ್ಕೆ ಚಾಚಿಕೊಂಡು ಕೂರಬಹುದು. ಗೋಡೆ ಇದ್ದರೆ ಅದನ್ನು ಬ್ಲೇಡಿನಿಂದಲೋ ಸಣ್ಣ ಅರದಿಂದಲೋ ಕತ್ತರಿಸುವವರಿದ್ದಾರೆ. ಹಲ್ಲು ಸ್ಲಾಟಿನಿಂದ ಹೊರಗೆ ಗಾಳಿಯಲ್ಲಿ ನಿಂತರೂ ಕೆಲಸ ನಡೆಯುತ್ತದೆ. ಅಳಿಯನಿಗೆ ಅದೇ ಆಗಬೇಕಿತ್ತು, ಕಟ್ಟರ್ ಹಿಡಿದು ಕೂತಿದ್ದ. ಟಾರ್ಚು ಬಿಟ್ಟು ನೋಡಿದರೆ ಸ್ಲಾಟಿನ ಕೊನೆಗೆ ಒತ್ತಿಕೊಂಡೇ ಒಂದು ಕೆಪಾಸಿಟರ್ ನಿಂತಿದೆ. ಗೋಡೆ ಕೆಡವಿದರೂ ಕಾರ್ಡಿಗೆ ಅದು ಅಡ್ಡ. ಬ್ಲೇಡು ಜಾರಿದರೆ ಬೋರ್ಡಿನ ಮೇಲಿನ ಕೂದಲೆಳೆಯ ಗೆರೆಗಳು ಹೋಗುತ್ತವೆ, ಆಮೇಲೆ ಅದನ್ನು ಸರಿ ಮಾಡುವವರು ಶಿವಮೊಗ್ಗದಲ್ಲೂ ಸಿಗುವುದು ಕಷ್ಟ. ಒಂದು ಲೇನಿನ ಸ್ಲಾಟಿಗೆಂದೇ ಮಾಡಿದ ಗಿಡ್ಡ ಅಡಾಪ್ಟರ್ ಸಿಗುತ್ತದೆ, ಕೆಲವು ನೂರು ರೂಪಾಯಿ. ಶಿವಮೊಗ್ಗದ ನೆಹರು ರಸ್ತೆಯ ಅಂಗಡಿಗಳಲ್ಲಿ ಕೇಳಿದೆ, ನಾಲ್ಕು ಲೇನಿನದೇ ತೋರಿಸಿದರು. ಆನ್‌ಲೈನಿನಲ್ಲಿ ತರಿಸಬೇಕಾಯಿತು. ಆಷಾಢದ ಮಳೆಯಲ್ಲಿ ಒದ್ದೆಯಾದ ಪೊಟ್ಟಣ ಬಂತು, ಒಳಗಿನ ಕವರಿಗೆ ಪುಣ್ಯಕ್ಕೆ ಏನೂ ಆಗಿರಲಿಲ್ಲ.

ನಾಲ್ಕು ಲೇನಿನ ಡ್ರೈವಿಗೆ ಒಂದೇ ಲೇನ್ ಕೊಟ್ಟರೆ ಅದು ಮುನಿಸಿಕೊಳ್ಳುವುದಿಲ್ಲವೇ? ಇಲ್ಲ. ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ನನಗೆ ಬಹಳ ಹಿಡಿಸಿದ ಭಾಗವೇ ಇದು. ಸ್ವಿಚ್ ಒತ್ತಿದ ಕೂಡಲೇ ಬೋರ್ಡೂ ಡ್ರೈವೂ ಒಂದನ್ನೊಂದು ವಿಚಾರಿಸಿಕೊಳ್ಳುತ್ತವೆ. ಯಾವ ಲೇನಿನ ಆಚೆ ತುದಿಯಲ್ಲಿ ಯಾರಾದರೂ ಇದ್ದಾರೆ ಎಂದು ತಡವಿ ನೋಡುತ್ತವೆ. ಇಬ್ಬರೂ ಮೊದಲು ಅತಿ ಹಳೆಯ, ಅತಿ ನಿಧಾನದ ವೇಗದಲ್ಲಿ ಮಾತು ಶುರು ಮಾಡುತ್ತಾರೆ. ಆಮೇಲೆ ನಿನಗೆಷ್ಟು ಬರುತ್ತದೆ, ನನಗೆಷ್ಟು ಬರುತ್ತದೆ ಎಂದು ಕೇಳಿಕೊಂಡು, ಇಬ್ಬರಿಗೂ ಆಗುವ ಮೇಲಿನ ವೇಗಕ್ಕೆ ಏರುತ್ತಾರೆ. ಒಂದೇ ಲೇನಿನಲ್ಲಿ ಕೆಲಸ ಮಾಡಲು ಪ್ರತಿಯೊಂದು ಸಾಧನಕ್ಕೂ ಬರಲೇಬೇಕು ಎನ್ನುವುದು ಆ ನಿಯಮಾವಳಿಯ ಕಟ್ಟಪ್ಪಣೆ. ಅಳಿಯ ಲಿನಕ್ಸ್ ಪೆನ್‌ಡ್ರೈವಿನಿಂದ ಸಿಸ್ಟಂ ಶುರು ಮಾಡಿ, ಪಿಸಿಐ ಸಾಧನಗಳ ವಿವರ ಕೊಡುವ ಎಲ್‌ಎಸ್‌ಪಿಸಿಐ ಕಮಾಂಡ್ ಕೊಟ್ಟು ತೋರಿಸಿದ. ಡ್ರೈವಿನ ಯೋಗ್ಯತೆ ಎಂದು ಒಂದು ಸಾಲು: ವೇಗ ಲೇನಿಗೆ ಸೆಕೆಂಡಿಗೆ 8 ಗಿಗಾಟ್ರಾನ್ಸ್‌ಫರ್, ಅಗಲ ನಾಲ್ಕು ಲೇನ್. ಅದರ ಕೆಳಗೇ ಈಗಿನ ಸ್ಥಿತಿ: ವೇಗ 5, ಅಗಲ ಒಂದು, ಎರಡರ ಪಕ್ಕದಲ್ಲೂ ಡೌನ್‌ಗ್ರೇಡೆಡ್ ಎಂಬ ಷರಾ. ಹುದ್ದೆ ಇಳಿಸಿದರೂ ಕೆಲಸಕ್ಕೆ ಬಂದಿದ್ದಾನಲ್ಲ ಎನ್ನಿಸಿತು.

ಎರಡನೇ ತಲೆಮಾರಿನ ಒಂದು ಲೇನ್ ಎಂದರೆ ಲೆಕ್ಕಕ್ಕೆ ಸೆಕೆಂಡಿಗೆ 500 ಎಂಬಿ. ವಿಧಿವಿಧಾನದ ಖರ್ಚೆಲ್ಲ ಕಳೆದು ಅಳತೆಯಲ್ಲಿ ಬಂದದ್ದು 400ರ ಆಸುಪಾಸು. ಲ್ಯಾಪ್‌ಟಾಪಿನಲ್ಲಿ ಇದೇ ಡ್ರೈವ್ 3000ದ ಹತ್ತಿರ ಓದುತ್ತಿತ್ತು. ಅಳಿಯನ ಮುಖ ಸಣ್ಣದಾಯಿತು. "ಎಲ್ಲ ವೇಸ್ಟ್ ಆಯ್ತಲ್ಲ ಮಾವ" ಎಂದ. ಅವನ ವಯಸ್ಸಿನವರು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದ ಸಂಖ್ಯೆಯನ್ನು ನಂಬುತ್ತಾರೆ. ಅದು ಒಂದು ದೊಡ್ಡ ಫೈಲನ್ನು ಒಂದೇ ಉಸಿರಿಗೆ ಓದಿದಾಗಿನ ಸಂಖ್ಯೆ. ಅಕ್ಕನ ಸಿಸ್ಟಂ ದಿನವಿಡೀ ಮಾಡುವ ಕೆಲಸವೇ ಬೇರೆ. ವಿಂಡೋಸ್ ಶುರುವಾಗುವಾಗ, ಪೇಜ್‌ಮೇಕರ್ ತೆರೆಯುವಾಗ, ಫಾಂಟುಗಳ ಪಟ್ಟಿ ಬರುವಾಗ ಡಿಸ್ಕಿನ ಮೂಲೆಮೂಲೆಯಿಂದ ನಾಲ್ಕು ಕೆಬಿ, ಎಂಟು ಕೆಬಿಯ ಸಣ್ಣ ಚೂರುಗಳನ್ನು ಹೆಕ್ಕಿ ತರಬೇಕು.

ಇಲ್ಲಿ ಹಳೆಯ ಡಿಸ್ಕಿನ ಪಾಡು ಸ್ವಲ್ಪ ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120. ಬೇಕಾದ ಚೂರು ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು ನಾಲ್ಕು ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಸೂಜಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಲು ಎಂಟೊಂಬತ್ತು ಮಿಲಿಸೆಕೆಂಡ್ ಬೇರೆ. ಎರಡೂ ಸೇರಿದರೆ ಸೆಕೆಂಡಿಗೆ ಎಪ್ಪತ್ತೋ ಎಂಬತ್ತೋ ಚೂರು, ಅಷ್ಟೇ ಅದರ ತಾಕತ್ತು. ನಾಲ್ಕು ಕೆಬಿಯ ಚೂರಾದರೆ ಸೆಕೆಂಡಿಗೆ ಒಂದು ಎಂಬಿಯ ಮೂರನೇ ಒಂದು ಪಾಲೂ ಇಲ್ಲ. ಎಸ್‌ಎಸ್‌ಡಿಯಲ್ಲಿ ಸುತ್ತುವುದೂ ಇಲ್ಲ, ಸರಿಯುವುದೂ ಇಲ್ಲ. ಒಂದಾದ ಮೇಲೊಂದು ಕೇಳಿದರೂ ಸೆಕೆಂಡಿಗೆ ಹತ್ತು ಸಾವಿರದ ಲೆಕ್ಕದಲ್ಲಿ ಚೂರು ತಂದುಕೊಡುತ್ತದೆ, ಅಂದರೆ 40 ಎಂಬಿ. ಆ 40 ಎಂಬಿಗೆ 400 ಎಂಬಿಯ ಲೇನ್ ಯಾವ ಮೂಲೆಗೂ ಇಕ್ಕಟ್ಟಲ್ಲ. ಆಗುಂಬೆ ಘಾಟಿ ಕಿರಿದು ಎನ್ನಿಸುವುದು ರಜೆಯ ದಿನ ಕಾರುಗಳು ಸಾಲುಗಟ್ಟಿ ನಿಂತಾಗ. ಬೆಳಗಿನ ಜಾವ ಒಬ್ಬನೇ ಬೈಕಿನಲ್ಲಿ ಇಳಿಯುವವನಿಗೆ ಅಲ್ಲಿ ನಾಲ್ಕು ಪಥ ಮಾಡಿಕೊಟ್ಟರೂ ಉಡುಪಿ ಬೇಗ ಬರುವುದಿಲ್ಲ. ಅಕ್ಕನ ಅಂಗಡಿಯಲ್ಲಿ ಓಡಾಡುವುದು ಹೆಚ್ಚಾಗಿ ಬೈಕುಗಳೇ. ದೊಡ್ಡ ಫ್ಲೆಕ್ಸಿನ ಫೈಲು ಕಾಪಿ ಮಾಡುವಾಗ ಮಾತ್ರ ಇಕ್ಕಟ್ಟು ತಿಳಿದೀತು, ಅದನ್ನು ಪೆನ್‌ಡ್ರೈವಿಗೆ ಹಾಕಿಕೊಡುವಾಗ ಪೆನ್‌ಡ್ರೈವೇ ಅದಕ್ಕಿಂತ ನಿಧಾನ.

ಕ್ಯಾಬಿನೆಟ್ ಬಿಚ್ಚಿದ್ದು ಒಂದು ಭಾನುವಾರ. ಗಿಡ್ಡ ಸ್ಲಾಟಿನ ನೇರಕ್ಕೆ ಹಿಂಬದಿಯ ತಗಡು ಯಾವತ್ತೋ ಬಿದ್ದುಹೋಗಿತ್ತು. ಆ ಸಂದಿಯಿಂದ ಒಳಗೆ ಬಂದ ಹಲ್ಲಿ ಸ್ಲಾಟಿನ ಪಕ್ಕದಲ್ಲೇ ಮೊಟ್ಟೆ ಇಟ್ಟು, ಮರಿ ಹೊರಗೆ ಹೋಗಿ, ಬಿಳಿ ಚಿಪ್ಪು ಬೋರ್ಡಿಗೆ ಅಂಟಿಕೊಂಡು ಉಳಿದಿತ್ತು. ಫ್ಯಾನಿನ ಮೂಲೆಯಲ್ಲಿ ಕುಂಬಾರ ಹುಳು ಕಟ್ಟಿದ ಮಣ್ಣಿನ ಗೂಡು. ಬ್ರಷ್ಷಿನಿಂದ ಎಲ್ಲ ಗುಡಿಸಿದ ಮೇಲೆ ಸ್ಲಾಟಿನೊಳಗೆ ಬ್ಲೋಯರ್ ಹೊಡೆದೆ. ಕೊಂಡ ದಿನದಿಂದ ಆ ಸ್ಲಾಟಿನಲ್ಲಿ ಯಾರೂ ಏನೂ ಹಾಕಿದ್ದಿಲ್ಲ, ನಮ್ಮ ಮಳೆಗಾಲದ ಥಂಡಿಗೆ ಒಳಗಿನ ತಾಮ್ರ ಮಂಕಾಗಿರುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಸವರಿ, ಅಡಾಪ್ಟರನ್ನು ಹಾಕಿ ತೆಗೆದು, ಹಾಕಿ ತೆಗೆದು ಮಾಡಿದರೆ ಆ ಉಜ್ಜಾಟದಲ್ಲೇ ಅರ್ಧ ಶುದ್ಧಿ ಆಗುತ್ತದೆ. ಗ್ರಾಫಿಕ್ಸ್ ಕಾರ್ಡಿನ ಹಲ್ಲಿಗೂ ಅಳಿಯನ ಪೆನ್ಸಿಲ್ ರಬ್ಬರ್ ಉಜ್ಜಿದೆ. ಎಂ.2 ಡ್ರೈವನ್ನು ನೇರವಾಗಿ ಚುಚ್ಚಲಿಕ್ಕೆ ಬರುವುದಿಲ್ಲ, ಓರೆಯಾಗಿ ಒಳಗೆ ತೂರಿಸಬೇಕು. ಬಿಟ್ಟರೆ ಅದು ಓರೆಯಾಗಿಯೇ ಎದ್ದು ನಿಲ್ಲುತ್ತದೆ, ಬಾಲವನ್ನು ಬೆರಳಿನಿಂದ ಒತ್ತಿ ಹಿಡಿದು ತುದಿಗೆ ಸ್ಕ್ರೂ ಹಾಕಬೇಕು. ಆ ಸ್ಕ್ರೂ ಸಾಸಿವೆಗಿಂತ ಸ್ವಲ್ಪ ದೊಡ್ಡದು. ಅಕ್ಕ ಮೊದಲೇ ಮೇಜಿನ ಮೇಲೆ ಬಿಳಿ ಪಂಚೆ ಹಾಸಿಕೊಟ್ಟಿದ್ದಳು. ಪಿನ್ನು, ಸ್ಟೇಪ್ಲರ್, ಕಾರ್ಡಿನ ಗಣಪತಿ ಸ್ಟಿಕ್ಕರುಗಳ ನಡುವೆ ಬದುಕುವವಳಿಗೆ ಸಣ್ಣ ವಸ್ತು ಎಲ್ಲಿ ಹೋಗುತ್ತದೆ ಎಂದು ಗೊತ್ತು.

ಕರೆಂಟಿನ ಲೆಕ್ಕವನ್ನೂ ನೋಡಿದೆ. ಡ್ರೈವಿನ ಲೇಬಲ್ಲಿನಲ್ಲಿ 3.3 ವೋಲ್ಟ್, ಎರಡೂವರೆ ಆಂಪ್ ಎಂದಿತ್ತು. ಸ್ಲಾಟಿನ 3.3 ವೋಲ್ಟ್ ದಾರಿಗೆ ಮಿತಿ 3 ಆಂಪ್. ನಡೆಯುತ್ತದೆ.

ತಾಂತ್ರಿಕವಾಗಿ ಇಲ್ಲಿಗೆ ಜೋಡಣೆ ಮುಗಿಯಿತು. ವಿಂಡೋಸ್‌ನಲ್ಲಿ ಹೊಸ ಡ್ರೈವ್ ಕಾಣಿಸಿತು, ಫೈಲ್ ಹಾಕಲು ಬಂತು, ತೆಗೆಯಲು ಬಂತು. ಆದರೆ ಬೇಕಾದದ್ದು ಅದರಿಂದಲೇ ಸಿಸ್ಟಂ ಶುರುವಾಗುವುದು. ಅಲ್ಲಿ ಮಾತ್ರ ಬೋರ್ಡಿನ ವಯಸ್ಸು ಅಡ್ಡ ಬಂತು. ವಿಂಡೋಸ್‌ಗೆ ಎನ್‌ವಿಎಂಇ ಗೊತ್ತು, 8.1ರಿಂದಲೇ ಗೊತ್ತು. ಲಿನಕ್ಸ್ ಕರ್ನಲ್‌ಗೆ ಈ ಬೋರ್ಡು ಹುಟ್ಟಿದ 2012ರಲ್ಲೇ, 3.3ನೇ ಆವೃತ್ತಿಯಿಂದ ಗೊತ್ತು. ಆದರೆ ಸ್ವಿಚ್ ಒತ್ತಿದ ಮೊದಲ ಕ್ಷಣಗಳಲ್ಲಿ ಯಜಮಾನಿಕೆ ಬಯಾಸಿನದ್ದು, ಅಂದರೆ ಬೋರ್ಡಿನ ಚಿಪ್ಪಿನಲ್ಲೇ ಬರೆದಿಟ್ಟ ಸಣ್ಣ ತಂತ್ರಾಂಶದ್ದು. ವಿಂಡೋಸನ್ನು ಡಿಸ್ಕಿನಿಂದ ಎತ್ತಿಕೊಂಡು ಬಂದು ಗಾದಿಯ ಮೇಲೆ ಕೂರಿಸುವ ಕೆಲಸ ಅದರದ್ದು. ಅದಕ್ಕೆ ಎನ್‌ವಿಎಂಇ ಡ್ರೈವ್ ಎಂದರೆ ಏನೆಂದೇ ತಿಳಿಯದು. ಹೊಸದಾಗಿ ವಿಂಡೋಸ್ 10 ಹಾಕಲು ಹೊರಟರೆ, ಈ ಡಿಸ್ಕಿಗೆ ಹಾಕಲಾಗದು, ನಿಮ್ಮ ಹಾರ್ಡ್‌ವೇರ್ ಇದರಿಂದ ಬೂಟ್ ಆಗಲಿಕ್ಕಿಲ್ಲ ಎಂಬ ಸಂದೇಶ ಬಂತು. ಎಷ್ಟೋ ಜನ ಡ್ರೈವೇ ಹಾಳು ಎಂದು ತೀರ್ಮಾನ ಮಾಡಿ ವಾಪಸ್ ಕಳಿಸುವುದು ಈ ಹಂತದಲ್ಲಿ.

ಇದಕ್ಕೆ ಎರಡು ದಾರಿ. ಬಯಾಸಿನ ಫೈಲನ್ನೇ ಬಿಚ್ಚಿ, ಎನ್‌ವಿಎಂಇ ಡ್ರೈವರನ್ನು ಅದರೊಳಗೆ ತುಂಬಿ, ಮತ್ತೆ ಬೋರ್ಡಿನ ಚಿಪ್ಪಿಗೆ ಬರೆಯುವುದು ಒಂದು. ಬಲ್ಲವರು ಮಾಡುತ್ತಾರೆ, ಚೆನ್ನಾಗಿಯೂ ಕೆಲಸ ಮಾಡುತ್ತದೆ. ಬರೆಯುವ ನಡುವೆ ಕರೆಂಟ್ ಹೋದರೆ ಬೋರ್ಡು ಇಟ್ಟಿಗೆ. ಆಷಾಢ ಮಾಸದಲ್ಲಿ, ತೀರ್ಥಹಳ್ಳಿಯಲ್ಲಿ, ಎಲ್ಲೋ ಮರ ಲೈನಿನ ಮೇಲೆ ಬೀಳುವ ದಿನಗಳಲ್ಲಿ ಆ ಕೆಲಸಕ್ಕೆ ನಾನು ಕೈ ಹಾಕುವವನಲ್ಲ. ಯುಪಿಎಸ್ ಇದೆ ಎಂದು ಅಳಿಯ ಹೇಳಿದ. ಆ ಯುಪಿಎಸ್ಸಿನ ಬ್ಯಾಟರಿಯ ಬಗ್ಗೆ ಭಾವನೇ ಏನೂ ಹೇಳಲಿಲ್ಲ.

ಇನ್ನೊಂದು ದಾರಿ ಕ್ಲೋವರ್ ಎನ್ನುವ ಪುಟ್ಟ ಬೂಟ್‌ಲೋಡರ್. ಬಯಾಸಿಗೆ ಪೆನ್‌ಡ್ರೈವ್ ಗೊತ್ತು. ಪೆನ್‌ಡ್ರೈವಿನಲ್ಲಿ ಕ್ಲೋವರ್ ಇಟ್ಟು, ಅದರ ಡ್ರೈವರುಗಳ ಫೋಲ್ಡರಿನಲ್ಲಿ ಆಫ್ ಎಂಬ ಮೂಲೆಯಲ್ಲಿ ಬಿದ್ದಿರುವ ಎನ್‌ವಿಎಂ ಎಕ್ಸ್‌ಪ್ರೆಸ್ ಡಿಎಕ್ಸ್‌ಇ ಎಂಬ ಫೈಲನ್ನು ಪಕ್ಕದ ಯುಇಎಫ್‌ಐ ಫೋಲ್ಡರಿಗೆ ಸರಿಸಬೇಕು. ಬಯಾಸು ಕ್ಲೋವರನ್ನು ಎಬ್ಬಿಸುತ್ತದೆ, ಕ್ಲೋವರ್ ಆ ಡ್ರೈವರನ್ನು ಹಾಕಿಕೊಂಡು ಎನ್‌ವಿಎಂಇಯನ್ನು ಗುರುತಿಸುತ್ತದೆ, ಅಲ್ಲಿಂದ ವಿಂಡೋಸನ್ನು ಎಬ್ಬಿಸಿ ತಾನು ಪಕ್ಕಕ್ಕೆ ಸರಿಯುತ್ತದೆ. ವಿಂಡೋಸ್ ಹಾಕುವ ಪೆನ್‌ಡ್ರೈವನ್ನೂ ಕ್ಲೋವರಿನ ಮೂಲಕವೇ ಶುರು ಮಾಡಿದೆವು, ಆಗ ಮೊದಲಿನ ಆ ಸಂದೇಶ ಬರಲಿಲ್ಲ. ಗಮನಿಸಿ ನೋಡಿದರೆ ನಿಜವಾದ ಅಡಾಪ್ಟರ್ ಇದೇ. ಸ್ಲಾಟಿನಲ್ಲಿ ಕೂತದ್ದು ಬರೀ ತಂತಿ, ದುಭಾಷಿಯ ಕೆಲಸ ಮಾಡುತ್ತಿರುವುದು ಈ ಪೆನ್‌ಡ್ರೈವಿನೊಳಗಿನ ಪುಟ್ಟ ಫೈಲು. ಇದಕ್ಕೆ ದುಡ್ಡಿಲ್ಲ. ಭಾವನ ಪ್ರಶ್ನೆ ಇನ್ನೂ ಹಾಗೇ ನಿಂತಿದೆ.

ಪೆನ್‌ಡ್ರೈವ್ ಹೊರಗೆ ಚುಚ್ಚಿಟ್ಟರೆ ಡಿಟಿಪಿ ಅಂಗಡಿಯಲ್ಲಿ ಅದು ಒಂದು ವಾರವೂ ಬಾಳುವುದಿಲ್ಲ. ದಿನಕ್ಕೆ ಹತ್ತಾರು ಗಿರಾಕಿಗಳು ಪೆನ್‌ಡ್ರೈವ್ ತರುತ್ತಾರೆ, ಯಾರದೋ ಎಂದು ಯಾರೋ ತೆಗೆದುಕೊಂಡು ಹೋಗುತ್ತಾರೆ. ಮುಂಬದಿಯ ಪೋರ್ಟುಗಳಿಗೆಂದು ಬೋರ್ಡಿನ ಮೇಲೆ ಯುಎಸ್‌ಬಿ ಪಿನ್ನುಗಳ ಗುಂಪು ಇರುತ್ತದಲ್ಲ, ಅದಕ್ಕೆ ಸಿಕ್ಕಿಸುವ ಸಣ್ಣ ಕನೆಕ್ಟರ್ ಸಿಗುತ್ತದೆ. ಅದರ ಬಾಯಿಗೆ ಪೆನ್‌ಡ್ರೈವ್ ಇಟ್ಟು ಕ್ಯಾಬಿನೆಟ್ಟಿನ ಒಳಗೇ ಮುಚ್ಚಿದೆವು. ಇನ್ನೊಂದು ಪೆನ್‌ಡ್ರೈವಿನಲ್ಲಿ ಅದರದೇ ನಕಲು ಮಾಡಿ, ಕವರಿಗೆ ಹಾಕಿ, ಮೇಲೆ ಬರೆದು ಅಕ್ಕನ ಕಪಾಟಿನಲ್ಲಿ ಇಟ್ಟಿದ್ದೇನೆ.

ಬೋರ್ಡಿನ ಬಟನ್ ಸೆಲ್ಲನ್ನೂ, ಸಿಆರ್2032, ಆವತ್ತೇ ಬದಲಿಸಿದೆವು. ಸೆಲ್ ಸತ್ತಿದ್ದರೆ ಕರೆಂಟ್ ಪೂರ್ತಿ ಹೋದಾಗೆಲ್ಲ ಬಯಾಸಿಗೆ ಮರೆವು. ತಾರೀಖು ಹಿಂದಕ್ಕೆ ಹೋಗುವುದಷ್ಟೇ ಅಲ್ಲ, ಮೊದಲು ಯಾವುದರಿಂದ ಬೂಟ್ ಆಗಬೇಕು ಎನ್ನುವುದೂ ಹೋಗುತ್ತದೆ. ಆಗ ಅದು ಪೆನ್‌ಡ್ರೈವನ್ನು ಬಿಟ್ಟು ಹಳೆಯ ಡಿಸ್ಕಿನ ಹತ್ತಿರ ಹೋಗಿ ನಿಲ್ಲುತ್ತದೆ. ಇಷ್ಟೆಲ್ಲ ಕಸರತ್ತು ಮಾಡಿದ ಜೋಡಣೆ ಮೂವತ್ತು ನಲವತ್ತು ರೂಪಾಯಿಯ ಸೆಲ್ಲಿಗೆ ಸಿಕ್ಕಿಬೀಳಬಾರದು.

ಈಗ ಸಿಸ್ಟಂ ಏಳುವಷ್ಟರಲ್ಲಿ ಊದುಬತ್ತಿ ಹಚ್ಚಿ ಮುಗಿದಿರುವುದಿಲ್ಲ. ಪೇಜ್‌ಮೇಕರ್ ಕ್ಲಿಕ್ಕಿಸಿದ ಕೂಡಲೇ ಎದುರಿಗಿರುತ್ತದೆ. ಅಕ್ಕನ ಪ್ರತಿಕ್ರಿಯೆ ಮಾತ್ರ ನಾನು ಎಣಿಸಿದ ಹಾಗಿರಲಿಲ್ಲ. "ಮೊದ್ಲು ಅದು ತೆರೆಯೂದ್ರೊಳಗೆ ನಾ ಒಂದ್ಸಲ ಹಳೇ ಪ್ರೂಫ್ ಓದಿ ತಪ್ಪು ಹುಡುಕ್ತಿದ್ದೆ. ಈಗ ಅದಕ್ಕೆ ಬೇರೆ ಟೈಮ್ ಮಾಡ್ಕೋಬೇಕು" ಎಂದಳು. ಹಳೆಯ 500 ಜಿಬಿ ಡಿಸ್ಕನ್ನು ಬಿಸಾಡಿಲ್ಲ, ದಿನದ ಕೊನೆಗೆ ಅಂದಿನ ಫೈಲುಗಳ ನಕಲು ಅದಕ್ಕೆ ಹೋಗುತ್ತದೆ. ಇಂಥ ಸಾಮಾನ್ಯ ಎನ್‌ವಿಎಂಇ ಡ್ರೈವುಗಳಲ್ಲಿ, ಕರೆಂಟ್ ತಟಕ್ಕನೆ ಹೋದಾಗ ಬರೆಯುತ್ತಿದ್ದದ್ದನ್ನು ಮುಗಿಸಿಕೊಳ್ಳುವಷ್ಟು ಶಕ್ತಿ ಕೂಡಿಟ್ಟ ಕೆಪಾಸಿಟರುಗಳು ಇರುವುದಿಲ್ಲ, ಅವು ಸರ್ವರಿನ ಡ್ರೈವುಗಳಲ್ಲಿ ಇರುವಂಥವು. ಆದ್ದರಿಂದ ಯುಪಿಎಸ್ ಬ್ಯಾಟರಿ ಹೊಸದು ಹಾಕಿಸಿ ಎಂದು ಭಾವನಿಗೆ ಖಡಾಖಂಡಿತ ಹೇಳಿದೆ, ಹಾಕಿಸಿದರು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ, ಈ ಬೋರ್ಡಿಗೆ 11 ಲಾಯಕ್ಕಲ್ಲ. ಅದಕ್ಕೇ ಈ ಸಿಸ್ಟಮ್ಮಿನ ಇಂಟರ್ನೆಟ್ ಕೇಬಲ್ ಕಿತ್ತಿಟ್ಟು, ಮೇಲ್ ನೋಡುವುದು, ವಾಟ್ಸಾಪಿನಿಂದ ಫೋಟೋ ಇಳಿಸುವುದು ಎಲ್ಲ ಪಕ್ಕದ ಸಣ್ಣ ಸಿಸ್ಟಮ್ಮಿನಲ್ಲಿ.

ಇದನ್ನೆಲ್ಲ ಕೇಳಿದ ಎದುರಿನ ಅಂಗಡಿಯ ಹುಡುಗನೊಬ್ಬ ಹಳೆಯ ಲ್ಯಾಪ್‌ಟಾಪ್ ಹಿಡಿದು ಬಂದ. ಅದರ ವೈಫೈ ಕಾರ್ಡು ಕೂತಿರುವ ಸಣ್ಣ ಕಿಂಡಿಯೂ ಎಂ.2 ಜಾತಿಯದೇ, ಅದರಲ್ಲೂ ಪಿಸಿಐ ಎಕ್ಸ್‌ಪ್ರೆಸ್ ಲೇನ್ ಇದೆ, ಅಲ್ಲಿಗೆ ರಿಬ್ಬನ್ ಕೇಬಲ್ಲಿನ ಅಡಾಪ್ಟರ್ ಸಿಗುತ್ತದಂತೆ, ಎನ್‌ವಿಎಂಇ ಹಾಕಿಕೊಡಿ ಅಣ್ಣ ಎಂದ. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಕಿಂಡಿಯ ಕಚ್ಚು ಬೇರೆ, ಭಾಷೆ ಅದೇ. ಆದರೆ ವೈಫೈ ತೆಗೆದರೆ ಅದಕ್ಕೊಂದು ಯುಎಸ್‌ಬಿ ಡಾಂಗಲ್ ಹೊರಗೆ ನೇತಾಡಬೇಕು. ಆ ಕಿಂಡಿಯಲ್ಲಿ ತಾನು ಒಪ್ಪಿದ ಕಾರ್ಡು ಬಿಟ್ಟು ಬೇರೆಯದನ್ನು ಬಿಟ್ಟುಕೊಳ್ಳದ ಬಯಾಸುಗಳೂ ಇವೆ. ಬೂಟ್ ಆಗುವ ತಲೆನೋವು ಇದ್ದೇ ಇದೆ, ಒಳಗೆ ಪೆನ್‌ಡ್ರೈವ್ ಬಚ್ಚಿಡಲು ಜಾಗವಿಲ್ಲ. ಅದೇ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಎರಡೂವರೆ ಇಂಚಿನ ಡಿಸ್ಕು ಕೂತಿದೆ, ಅದರ ಸಾಟಾ ಮೂರನೇ ತಲೆಮಾರಿನದು, 550 ಎಂಬಿಯವರೆಗೆ ಕೊಡುತ್ತದೆ, ನಮ್ಮ ಗಿಡ್ಡ ಸ್ಲಾಟಿಗಿಂತ ಜಾಸ್ತಿ. ಅಲ್ಲಿ ಸಾಟಾ ಎಸ್‌ಎಸ್‌ಡಿ ಹಾಕು, ಹಳೆಯ ಡಿಸ್ಕನ್ನು ಡಿವಿಡಿ ಡ್ರೈವ್ ತೆಗೆದ ಜಾಗಕ್ಕೆ ಕ್ಯಾಡಿ ಎನ್ನುವ ಚೌಕಟ್ಟಿನಲ್ಲಿ ಕೂರಿಸು ಎಂದೆ. ಕ್ಯಾಡಿ ತರಿಸುವಾಗ ದಪ್ಪ ನೋಡಿಕೋ, ಒಂಬತ್ತೂವರೆ ಮಿಲಿಮೀಟರಿನದೂ ಬರುತ್ತದೆ, 12.7ರದೂ ಬರುತ್ತದೆ. ಅವನಿಗೆ ಅಷ್ಟೇನೂ ಸಮಾಧಾನ ಆದ ಹಾಗೆ ಕಾಣಲಿಲ್ಲ. ಡಿವಿಡಿ ಡ್ರೈವ್ ಹೊರಗೆ ತೆಗೆದು ಸ್ಕೇಲಿನಲ್ಲಿ ಅಳೆದುಕೊಂಡು ಹೋದ.